ವಾದಾಷ್ಟಕದ ತಕ್ಕಡಿಯಲ್ಲಿ ಚರ್ಚಾಸ್ಪರ್ಧೆ

ಆಚಾರ್ಯ ಹರಿಭದ್ರಸೂರಿಗಳು ‘ಅಷ್ಟಕ ಪ್ರಕರಣ’ದಲ್ಲಿ ವಾದವನ್ನು ಶುಷ್ಕವಾದ, ವಿವಾದ, ಧರ್ಮವಾದವೆಂದು ವಿಂಗಡಿಸಿರುವರು. ಲಾಭ-ಖ್ಯಾತಿಗಳನ್ನು ಬಯಸುವವನೊಡನೆ ಛಲ-ಜಾತಿಗಳೇ ಪ್ರಧಾನವಾಗಿ ನಡೆಯುವುದು ವಿವಾದ. ಕಾಲೇಜುಗಳ ಚರ್ಚಾಸ್ಪರ್ಧೆಗಳು ಬಹುಮಟ್ಟಿಗೆ ಈ ವರ್ಗಕ್ಕೇ ಸಲ್ಲುತ್ತವೆ. ಚೀಟಿಯೆತ್ತಿ ಪಕ್ಷ ಹಂಚುವುದು ದೋಷವಲ್ಲ. ಪರಪಕ್ಷವನ್ನು ಒಳಹೊಕ್ಕು ನೋಡುವುದು ಅನೇಕಾಂತಕ್ಕೆ ಒಳ್ಳೆಯ ಅಭ್ಯಾಸವೇ. ದೋಷವಿರುವುದು ಎದುರಾಳಿಯ ಮಾತನ್ನು ತಿರುಚುವುದರಲ್ಲಿ. ‘ನವಕಂಬಲ’ವೆಂದು ಹೊಸ ಕಂಬಳಿಯನ್ನು ಹೇಳಿದವನನ್ನು ‘ಒಂಬತ್ತು ಕಂಬಳಿಗಳೆಲ್ಲಿ?’ ಎಂದು ಕೆಣಕುವ ನ್ಯಾಯಶಾಸ್ತ್ರದ ಹಳೆಯ ಛಲ ಈಗಲೂ ಚಪ್ಪಾಳೆ ಗಿಟ್ಟಿಸುತ್ತದೆ!

ಧರ್ಮವಾದದಲ್ಲಾದರೋ ಸೋತವನಿಗೂ ಮೋಹನಾಶದ ಲಾಭವುಂಟು. ಆದರೆ ಅಷ್ಟಕವು ವಾದಿಗೆ ಹೇಳುವಷ್ಟನ್ನು ತೀರ್ಪುಗಾರನಿಗೆ ಹೇಳುವುದಿಲ್ಲ. ಹೇಮಚಂದ್ರಾಚಾರ್ಯರ ‘ಪ್ರಮಾಣಮೀಮಾಂಸೆ’ಯಲ್ಲಿ ವಾದದ ಲಕ್ಷಣದೊಳಗೇ ಪ್ರಾಶ್ನಿಕರು, ಅಂದರೆ ಮಧ್ಯಸ್ಥ ಸಭ್ಯರು, ಸೇರಿದ್ದಾರೆ. ಪಾರಿತೋಷಕ ನೀಡುವ ಬಸದಿ ಟ್ರಸ್ಟುಗಳು ಅಂಕಪಟ್ಟಿಯಲ್ಲಿ ವಾಗ್ಮಿತೆಗೆ ಇಟ್ಟಷ್ಟೇ ಅಂಕಗಳನ್ನು, ಎದುರಾಳಿಯ ಮಾತನ್ನು ಇದ್ದಂತೆಯೇ ಉದ್ಧರಿಸಿದ್ದಕ್ಕೂ ಇಡಬಹುದಲ್ಲವೇ?