ಕಾರು ತಗ್ಗಿಸುವವರು ಹೇಳದ ಅರ್ಧ

ಸಿನಿಮಾ, ಪುಸ್ತಕ ಅಂತ ಬರೆಯುತ್ತಿದ್ದ ನಾನು ಈ ಸಲ ಒಂದು ಜಾತಿಯ ವಿಡಿಯೋಗಳ ಬಗ್ಗೆ ಬರೆಯುತ್ತಿದ್ದೇನೆ. ಮನೆಯಂಗಳದಲ್ಲೇ ಕಾರಿನ ಸ್ಪ್ರಿಂಗ್ ಬಿಚ್ಚಿ, ಗಿಡ್ಡ ಸ್ಪ್ರಿಂಗ್ ಹಾಕಿ, ಕಾರನ್ನು ನೆಲಕ್ಕೆ ಹತ್ತಿರ ಮಾಡುವುದು ಹೇಗೆ ಅಂತ ಕಲಿಸುವ ವಿಡಿಯೋಗಳು. ನೋಡಿದ್ದು ಹತ್ತಕ್ಕೂ ಹೆಚ್ಚು. ನೋಡಲು ಕಾರಣ ನನ್ನ ಅಳಿಯ. ಅಳಿಯ ಅಂದರೆ ನಮ್ಮ ಕಡೆಯ ಅರ್ಥದಲ್ಲಿ, ಅಕ್ಕನ ಮಗ.

ಅವನ ಹತ್ತಿರ ಒಂದು ಪೋಲೋ ಜಿಟಿ ಉಂಟು. ಪೋರ್ಷೆ, ಫೆರಾರಿ ಕಂಡವರು ಅದನ್ನು ಸ್ಪೋರ್ಟ್ಸ್ ಕಾರ್ ಅಂದರೆ ನಗಬಹುದು. ಆದರೆ ಮಂಗಳೂರಿನಲ್ಲಿ ಸಂಬಳ ನಂಬಿ ಬದುಕುವ ಹುಡುಗನ ಕೈಗೆ ಸೆಕೆಂಡ್ ಹ್ಯಾಂಡಿನಲ್ಲಿ ಎಟಕುವ ಸ್ಪೋರ್ಟ್ಸ್ ಕಾರ್ ಅಂದರೆ ಅದೇ. 2013ರಲ್ಲಿ ಬಂದದ್ದು, 1.2 ಲೀಟರಿನ ಟರ್ಬೊ ಇಂಜಿನ್, 105 ಪಿಎಸ್ ಶಕ್ತಿ, ಏಳು ಗೇರಿನ ಡಿಎಸ್‌ಜಿ. 2022ರಲ್ಲಿ ಪೋಲೋ ತಯಾರಿಕೆಯೇ ಇಲ್ಲಿ ನಿಂತಿತು, ಹಾಗಾಗಿ ಇದ್ದವರಿಗೆ ಅದರ ಮೇಲೆ ಇನ್ನಷ್ಟು ಪ್ರೀತಿ. "ಮಾವ, ಭಾನುವಾರ ಫ್ರೀ ಇದ್ದೀರಾ? ಸ್ಪ್ರಿಂಗ್ ಹಾಕ್ಲಿಕ್ಕುಂಟು" ಅಂದ. 40 ಮಿಲಿಮೀಟರ್ ತಗ್ಗಿಸುವ ನಾಲ್ಕು ಸ್ಪ್ರಿಂಗುಗಳ ಪೆಟ್ಟಿಗೆ ಬಂದಿತ್ತು. "ನೀವು ವಿಡಿಯೋ ನೋಡಿಕೊಂಡು ಬನ್ನಿ, ಸಾಕು."

ಮೊದಲು ಈ ವಿಡಿಯೋಗಳ ಗುಣ ಹೇಳಬೇಕು, ಅದು ಸಣ್ಣದಲ್ಲ. ಗ್ಯಾರೇಜಿನವರ ಗುಟ್ಟು ಅಂತ ಇದ್ದದ್ದನ್ನು ಇವು ಬಯಲು ಮಾಡಿವೆ. ಯಾವ ನಟ್ಟಿಗೆ ಯಾವ ಸೈಜಿನ ಪಾನ, ಬ್ರೇಕಿನ ಹೋಸ್ ಮತ್ತು ಎಬಿಎಸ್ ವಯರನ್ನು ಮೊದಲೇ ಯಾಕೆ ಬಿಡಿಸಿಕೊಳ್ಳಬೇಕು, ಎಲ್ಲವನ್ನೂ ಹತ್ತಿರದಿಂದ ತೋರಿಸುತ್ತವೆ. ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವ ಹುಡುಗನೊಬ್ಬ ಟಾರ್ಕ್ ರೆಂಚ್ ಹಿಡಿಯಲು ಕಲಿತದ್ದು ಇವುಗಳಿಂದ. ಕೈಗೆ ಗ್ರೀಸ್ ಆದ ಮೇಲೆ ಅವನ ಮುಖದಲ್ಲಿ ಕಂಡ ಕಳೆ ನಾನು ಅವನ ಡಿಗ್ರಿ ಬಂದ ದಿನವೂ ನೋಡಿರಲಿಲ್ಲ.

ತಕರಾರು ಏನೆಂದರೆ, ಇವು ಅರ್ಧ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸುತ್ತವೆ.

ಶುರುವಿನಿಂದಲೇ ನೋಡಿ. ವಿಡಿಯೋದಲ್ಲಿ ಕನ್ನಡಿಯಂತೆ ಸಮತಟ್ಟಾದ ಸಿಮೆಂಟ್ ನೆಲ. ಯೆಯ್ಯಾಡಿಯ ಅಕ್ಕನ ಮನೆಯಲ್ಲಿ ಇಂಟರ್‌ಲಾಕ್ ಹಾಕಿದ ಇಳಿಜಾರು ಅಂಗಳ. ವಿಡಿಯೋದಲ್ಲಿ ನಟ್ಟು ಒಂದೇ ಎಳೆತಕ್ಕೆ ಸಡಿಲ. ನಮ್ಮದು ಕಡಲ ಗಾಳಿಯ ಊರು, ವರ್ಷಕ್ಕೆ 3,500 ಮಿಲಿಮೀಟರ್ ದಾಟುವ ಮಳೆ. ಅಡಿಭಾಗದ ಬೋಲ್ಟುಗಳು ತುಕ್ಕು ಹಿಡಿದು ಒಂದಕ್ಕೊಂದು ಸಂಬಂಧ ಬೆಳೆಸಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಟ್ಟರೂ ಮೊದಲ ಬೋಲ್ಟಿಗೇ ಮುಕ್ಕಾಲು ಗಂಟೆ ಹೋಯಿತು. ವಿಡಿಯೋದಲ್ಲಿ ಆ ಜಾಗದಲ್ಲಿ ಒಂದು ಕಟ್, ಸ್ವಲ್ಪ ಮ್ಯೂಸಿಕ್.

ಕಾರನ್ನು ಎತ್ತಿ ನಿಲ್ಲಿಸಲು ಸ್ಟ್ಯಾಂಡ್ ಬೇಕು. ನಮ್ಮಲ್ಲಿ ಇದ್ದದ್ದು ಜಾಕ್ ಒಂದೇ. "ಸೇಫ್ಟಿಗೆ ಇದನ್ನು ಕೊಡುವ" ಅಂತ ಅಳಿಯ ಕಾಂಪೌಂಡಿನ ಮೂಲೆಯಿಂದ ಎರಡು ಮುರಕಲ್ಲು ತಂದ. ಕರಾವಳಿಯಲ್ಲಿ ಮನೆ ಕಟ್ಟುವುದೇ ಮುರಕಲ್ಲಿನಲ್ಲಿ, ಅದರ ಮೇಲೆ ನಮಗೆ ಹುಟ್ಟಿನಿಂದ ನಂಬಿಕೆ. ನಾನೂ ಹೂಂ ಅಂದೆ. ಬೋಲ್ಟನ್ನು ಜಗ್ಗುವಾಗ ಜಾಕ್ ಇಳಿಜಾರಿಗೆ ವಾಲಿತು, ಕಾರು ಕಲ್ಲಿನ ಮೇಲೆ ಕೂತಿತು, ಕಲ್ಲು ಬೆಲ್ಲದಚ್ಚಿನಂತೆ ಪುಡಿಯಾಯಿತು. ಗೋಡೆಯಲ್ಲಿ ಭಾರ ಇಡೀ ಮುಖದ ಮೇಲೆ ಹರಡುತ್ತದೆ. ಇಲ್ಲಿ ಒಂದು ಲೋಹದ ಅಂಚಿನ ಮೇಲೆ ಅರ್ಧ ಟನ್ನಿನ ಹತ್ತಿರ. ಅಡಿಯಲ್ಲಿ ಯಾರ ಕಾಲೂ ಇರಲಿಲ್ಲ, ಅದು ನಮ್ಮ ಪುಣ್ಯ, ಜಾಣತನವಲ್ಲ. ಪರಿಚಯದ ಗ್ಯಾರೇಜಿನಿಂದ ನಾಲ್ಕು ಸ್ಟ್ಯಾಂಡ್ ತಂದು, ಕಾರನ್ನು ಗೇಟಿನ ಹತ್ತಿರದ ಮಟ್ಟಸ ಜಾಗಕ್ಕೆ ತಳ್ಳಿ, ಮತ್ತೆ ಶುರು ಮಾಡಿದೆವು.

ಮುಂದಿನ ಚಕ್ರದ ಸ್ಪ್ರಿಂಗ್ ಶಾಕ್ ಅಬ್ಸಾರ್ಬರಿನ ಸುತ್ತ ಕೂತಿರುತ್ತದೆ, ಕುಗ್ಗಿದ ಸ್ಥಿತಿಯಲ್ಲೇ. ಮೇಲಿನ ಒಂದು ನಟ್ಟು ಅದನ್ನು ಹಿಡಿದಿರುತ್ತದೆ. ಎದುರುಬದುರು ಎರಡು ಕೊಕ್ಕೆಯ ಕಂಪ್ರೆಸರ್ ಸಿಕ್ಕಿಸಿ ಸ್ಪ್ರಿಂಗನ್ನು ಒತ್ತದೆ ಆ ನಟ್ಟನ್ನು ಮುಟ್ಟಬಾರದು. ಎಷ್ಟು ಬಲ ಅಂದರೆ, ಒಂದು ಮಿಲಿಮೀಟರ್ ಕುಗ್ಗಲು 25 ನ್ಯೂಟನ್ ಬೇಡುವ ಸ್ಪ್ರಿಂಗನ್ನು 150 ಮಿಲಿಮೀಟರ್ ಕುಗ್ಗಿಸಿದ್ದೀರಿ ಅಂತಿಟ್ಟುಕೊಳ್ಳಿ. ಅದರೊಳಗೆ ಕೂತ ಶಕ್ತಿ 280 ಜೂಲ್. ಐವತ್ತು ಕಿಲೋದ ಕುಚ್ಚಲಕ್ಕಿ ಮೂಟೆ ಸುಮಾರು ಎರಡಡಿ ಮೇಲಿಂದ ಬಿದ್ದ ಹಾಗೆ, ಆದರೆ ಅಷ್ಟೂ ಒಂದು ಕಬ್ಬಿಣದ ಬಟ್ಟಲಿನ ಮೂಲಕ ನಿಮ್ಮ ದವಡೆಗೆ. ಕೊಕ್ಕೆ ಒಂದು ಕಡೆ ಜಾರಿದರೆ ಸಾಕು. ಹೆಚ್ಚಿನ ವಿಡಿಯೋಗಳಲ್ಲಿ ಇದಕ್ಕೆ "ಬಿ ಕೇರ್‌ಫುಲ್ ಗಾಯ್ಸ್" ಅನ್ನುವ ಒಂದು ವಾಕ್ಯ. ಭಯ ಪಡಬೇಕಾದ ಜಾಗದಲ್ಲಿ ಭಯವನ್ನು ತೋರಿಸದೆ ಇರುವುದು ಕಲಿಸುವವನ ದೊಡ್ಡ ತಪ್ಪು ಅಂತ ನನಗೆ ಅನಿಸುತ್ತದೆ.

ಇನ್ನೊಂದು ಚೂರು: ಕೆಳಗಿನ ಆರ್ಮಿನ ರಬ್ಬರ್ ಬುಶ್. ಚಕ್ರ ಗಾಳಿಯಲ್ಲಿ ನೇತಾಡುವಾಗ ಅದರ ಬೋಲ್ಟ್ ಬಿಗಿದರೆ, ಕಾರು ಕೆಳಗಿಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಕೊನೆಯ ಬಿಗಿತ ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಆಗಬೇಕು. ಆಮೇಲೆ ಅಲೈನ್‌ಮೆಂಟ್, ಇಲ್ಲದಿದ್ದರೆ ಟಯರಿನ ಒಳ ಅಂಚು ಕೆಲವೇ ತಿಂಗಳಲ್ಲಿ ನುಣುಪು. ಆಮೇಲೆ ಹೆಡ್‌ಲೈಟಿನ ಮಟ್ಟ. ನಾನು ನೋಡಿದವುಗಳಲ್ಲಿ ಬುಶ್ಶಿನ ಮಾತು ಆಡಿದ್ದು ಎರಡೇ. ಉಳಿದವು ಒಂದೇ ದೃಶ್ಯಕ್ಕೆ ಓಡುತ್ತವೆ: ಕಾರನ್ನು ಪಕ್ಕದಿಂದ ತೆಗೆದ ಫೋಟೋ, ಟಯರಿಗೂ ಮಡ್‌ಗಾರ್ಡಿಗೂ ನಡುವಿನ ಗ್ಯಾಪ್ ಮಾಯ. ಅಲ್ಲಿಗೆ ಸುಖಾಂತ್ಯ.

ಚಂದ ಕಾಣುವುದು ನಿಜ. ಅಳಿಯನ ಕಾರು ಸಂಜೆ ಹೊತ್ತಿಗೆ ಗೇಟಿನ ಎದುರು ನಿಂತಾಗ ಓಟಕ್ಕೆ ಮೊದಲು ಬೆನ್ನು ತಗ್ಗಿಸಿದ ಪ್ರಾಣಿಯ ಹಾಗೆ ಕಂಡಿತು. ಚಂದಕ್ಕಾಗಿ ಮಾಡಿದೆ ಅಂದಿದ್ದರೆ ನಾನು ಸುಮ್ಮನಿರುತ್ತಿದ್ದೆ, ಮನುಷ್ಯ ಚಂದಕ್ಕಾಗಿ ಏನೆಲ್ಲ ಮಾಡುತ್ತಾನೆ. ಆದರೆ ಎಲ್ಲ ವಿಡಿಯೋಗಳೂ "ಹ್ಯಾಂಡ್ಲಿಂಗ್" ಅನ್ನುತ್ತವೆ. ಭಾರ ನೆಲಕ್ಕೆ ಹತ್ತಿರವಾದರೆ ತಿರುವಿನಲ್ಲಿ ಕಾರು ಕಡಿಮೆ ವಾಲುತ್ತದೆ ಅನ್ನುವ ಲೆಕ್ಕ. ಪೂರ್ತಿ ಸುಳ್ಳಲ್ಲ, ಪೂರ್ತಿ ಸತ್ಯವೂ ಅಲ್ಲ. ಪೋಲೋದಂಥ ಕಾರಿನ ಮುಂಭಾಗದಲ್ಲಿರುವ ಮೆಕ್‌ಫರ್ಸನ್ ಸ್ಟ್ರಟ್‌ನಲ್ಲಿ, ಕಾರು ತಗ್ಗಿದಷ್ಟೂ ಕೆಳಗಿನ ಆರ್ಮಿನ ಕೋನ ಬದಲಾಗುತ್ತದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಕಾರಿಗಿಂತ ಹೆಚ್ಚು ವೇಗವಾಗಿ ಕೆಳಗೆ ಹೋಗುತ್ತದೆ. ಅಂದರೆ ವಾಲಿಸುವ ಸನ್ನೆ ಉದ್ದವೇ ಆಗಬಹುದು. ಹೊಸ ಸ್ಪ್ರಿಂಗ್ ಗಡಸಾಗಿರುವುದರಿಂದ ಅದು ಗೊತ್ತಾಗುವುದಿಲ್ಲ ಅಷ್ಟೆ. ಹಳೆಯ ಸ್ಪ್ರಿಂಗನ್ನೇ ಗ್ರೈಂಡರಿನಲ್ಲಿ ಒಂದು ಸುತ್ತು ಕತ್ತರಿಸುವವರೂ ನಮ್ಮೂರಲ್ಲಿ ಇದ್ದಾರೆ. ಅವರ ಬಗ್ಗೆ ವಾದವೇ ಬೇಡ, ಚಕ್ರ ಗುಂಡಿಗಿಳಿದಾಗ ಆ ತುಂಡು ಸ್ಪ್ರಿಂಗ್ ತನ್ನ ಜಾಗದಲ್ಲೇ ನಿಲ್ಲುವುದಿಲ್ಲ.

ವೇಗದ ಮಾತೇ ಆದರೆ, ಕಾಸರಗೋಡಿನ ಮೊಗ್ರಾಲಿನ ಮೂಸಾ ಷರೀಫರನ್ನು ನೆನಪಿಸಿಕೊಳ್ಳಿ. ಗೌರವ್ ಗಿಲ್ ಪಕ್ಕದಲ್ಲಿ ನ್ಯಾವಿಗೇಟರ್ ಆಗಿ ಕೂತು ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ ಗೆದ್ದವರು. ಮಣ್ಣುರಸ್ತೆಯ ರ‍್ಯಾಲಿಗೆ ಇಳಿಸುವ ಕಾರುಗಳನ್ನು ತಗ್ಗಿಸುವುದಿಲ್ಲ ಮಾರಾಯ್ರೆ, ಎತ್ತರಿಸುತ್ತಾರೆ. ಚಕ್ರ ಮೇಲೆ ಕೆಳಗೆ ಆಡಲು ಜಾಗ ಇದ್ದರೆ ಮಾತ್ರ ಟಯರು ನೆಲ ಬಿಡುವುದಿಲ್ಲ. ರಸ್ತೆ ಹೇಗೋ ಸಸ್ಪೆನ್ಷನ್ ಹಾಗೆ. ನಮ್ಮ ರಸ್ತೆ ಯಾವುದು ಅನ್ನುವ ಪ್ರಶ್ನೆಯನ್ನು ಈ ವಿಡಿಯೋಗಳು ಕೇಳುವುದೇ ಇಲ್ಲ.

ಅಳಿಯ ಕೇಳಿದ, ಬೇರೆ ರೀತಿ. "ತಪ್ಪು ಹಂಪಿನದ್ದಲ್ವಾ ಮಾವ?" ಲೆಕ್ಕ ಹಾಕಿ ನೋಡಿದರೆ ಅವನ ಮಾತು ಸರಿಯೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಹಂಪಿನ ಅಳತೆ ಕೊಟ್ಟಿದೆ: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಮೇಲ್ಮೈ 17 ಮೀಟರ್ ತ್ರಿಜ್ಯದ ಕಮಾನು, ಗಂಟೆಗೆ 25 ಕಿಲೋಮೀಟರಿನಲ್ಲಿ ದಾಟಲು. ಮುಂದಿನ ಹಿಂದಿನ ಚಕ್ರಗಳ ನಡುವೆ ಸುಮಾರು ಎರಡೂವರೆ ಮೀಟರ್ ಇರುವ ಪೋಲೋ ಅದರ ಮೇಲೆ ನಿಂತಾಗ ನಾಲ್ಕೂ ಚಕ್ರ ಹಂಪಿನ ಮೇಲೆಯೇ ಇರುತ್ತವೆ. ಕಮಾನು ಹೊಟ್ಟೆಯ ಕಡೆಗೆ ಏರುವುದು ಬರೀ 46 ಮಿಲಿಮೀಟರ್. ಕಾರಿನ ಹೊಟ್ಟೆ ನೆಲದಿಂದ ಸುಮಾರು 165 ಮಿಲಿಮೀಟರ್, 40 ತಗ್ಗಿಸಿದರೂ 125. ಆರಾಮ. ಆದರೆ ನಮ್ಮ ಓಣಿಗಳಲ್ಲಿ ಇರುವುದು ಎಂಥ ಹಂಪು? ಒಂದೂವರೆ ಅಡಿ ಅಗಲ, ಅರ್ಧ ಅಡಿ ಎತ್ತರ, ರಾತ್ರೋರಾತ್ರಿ ಹುಟ್ಟಿದ ಗೋಡೆ. ಅದು ಅಷ್ಟಕ್ಕಷ್ಟೂ, ಅಂದರೆ 150 ಮಿಲಿಮೀಟರ್, ಹೊಟ್ಟೆಯ ಅಡಿಗೇ ಬರುತ್ತದೆ. ಫ್ಯಾಕ್ಟರಿಯಿಂದ ಬಂದ ಕಾರು ಉಸಿರು ಬಿಗಿಹಿಡಿದು ದಾಟುತ್ತದೆ, ತಗ್ಗಿಸಿದ ಕಾರು ಕೂರುತ್ತದೆ. ಇದರ ಜತೆಗೆ ಕಾಂಕ್ರೀಟ್ ರಸ್ತೆಗಳ ಅಂಚು: ಪಕ್ಕದ ಮಣ್ಣು ತುಂಬದ ಕಡೆ ಮೆಟ್ಟಿಲಿನಂತೆ ಇಳಿಯಬೇಕು.

ಹಂಪಿನದ್ದು ತಪ್ಪು. ಆದರೆ ಆ ತಪ್ಪಿನ ಬಿಲ್ಲು ಬಂದದ್ದು ಅಕ್ಕನ ಹೆಸರಿಗೆ.

ಆಟಿ ತಿಂಗಳ ಒಂದು ರಾತ್ರಿ ಅಕ್ಕ ಅಂಗಳದ ಪಾಚಿಯಲ್ಲಿ ಜಾರಿ ಸೊಂಟ ಊರಿ ಬಿದ್ದಳು. ಹೊರಗೆ ಧೋ ಮಳೆ. ಮನೆಯಲ್ಲಿದ್ದದ್ದು ಆ ಕಾರು ಒಂದೇ, ನಾಲ್ಕು ಜನ ಕೂತೆವು, ಅದು ಇನ್ನೂ ತಗ್ಗಿತು. ಗಡಸು ಸ್ಪ್ರಿಂಗಿನ ಒಂದೊಂದು ಕುಲುಕಾಟಕ್ಕೂ ಹಿಂದಿನ ಸೀಟಿನಿಂದ ಒಂದೊಂದು "ಅಯ್ಯೋ". ನೀರು ತುಂಬಿದ ಗುಂಡಿ ಎಷ್ಟು ಆಳ ಅಂತ ಗೊತ್ತಾಗದೆ ಅಳಿಯ ನಡೆದಾಡುವ ವೇಗದಲ್ಲಿ ಹೋದ. ಹಂಪುಗಳನ್ನು ಓರೆಯಾಗಿ ಹತ್ತಿಸಿದ, ಒಂದು ಚಕ್ರ, ಮತ್ತೊಂದು ಚಕ್ರ, ಪ್ರತಿ ಸಲ ಕಾರು ದೋಣಿಯಂತೆ ಓಲಾಡಿತು. ಕೊನೆಗೆ ಆಸ್ಪತ್ರೆಯ ಗೇಟಿನ ಹಂಪಿನಲ್ಲೇ ಹೊಟ್ಟೆ ಕೂತಿತು. ಭಾರ ಇಳಿಸಿದರೆ ಕಾರು ಏಳುತ್ತದೆ, ಆದರೆ ಇಳಿಯಲಾಗದವಳನ್ನೇ ಅಲ್ಲವೇ ನಾವು ಕರೆತಂದದ್ದು? ಭಾವನೂ ನಾನೂ ಇಳಿದು ಮಳೆಯಲ್ಲಿ ತಳ್ಳಿದೆವು, ಕರ್ರ್ ಅಂತ ಕೆರೆದುಕೊಂಡು ದಾಟಿತು. ಮೂಳೆ ಮುರಿದಿರಲಿಲ್ಲ. ಆ ಹತ್ತು ನಿಮಿಷದ ದಾರಿಗೆ ನಲವತ್ತು ನಿಮಿಷ ಹಿಡಿದದ್ದನ್ನು ಅಕ್ಕ ಈಗಲೂ ಹೇಳುವುದಿಲ್ಲ, ಅಳಿಯನಿಗೆ ಅದೇ ಹೆಚ್ಚು ನೋವು.

ಕಾನೂನಿನ ಮಾತು ಬೇಕಾದವರಿಗೆ ಅದೂ ಉಂಟು. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ ಅನ್ನುತ್ತದೆ. "ಆರ್‌ಸಿಯಲ್ಲಿ ಸ್ಪ್ರಿಂಗಿನ ಹೆಸರೇ ಇಲ್ಲ" ಅಂತ ಹುಡುಗರು ವಾದಿಸುತ್ತಾರೆ. ಅಪಘಾತ ಆದ ಮೇಲೆ ವಿಮೆಯವರ ಎದುರು ಆ ವಾದ ಮಂಡಿಸುವ ಆಸೆ ನನಗಿಲ್ಲ. ಹೊರದೇಶದ ವಿಡಿಯೋದವನಿಗೆ ಇದೆಲ್ಲ ಗೊತ್ತಿರಬೇಕಾಗಿಲ್ಲ, ಕನ್ನಡದಲ್ಲಿ, ತುಳುವಿನಲ್ಲಿ ಮಾಡುವವರಾದರೂ ಒಂದು ಮಾತು ಹೇಳಬಹುದಿತ್ತು.

ಹಾಗಾದರೆ ಮಾಡಲೇಬಾರದೇ? ಹಾಗಲ್ಲ. ಒಳ್ಳೆಯ ವಿಡಿಯೋ ಹೇಗಿರಬೇಕು ಅಂದರೆ, ಬೋಲ್ಟ್ ಬಿಡದಿದ್ದ ಮುಕ್ಕಾಲು ಗಂಟೆಯನ್ನು ತೋರಿಸಬೇಕು, ಪುಡಿಯಾದ ಮುರಕಲ್ಲನ್ನು ತೋರಿಸಬೇಕು, ಫೋಟೋ ತೆಗೆದ ಆರು ತಿಂಗಳ ನಂತರ, ಮಳೆಗಾಲ ಕಳೆದ ಮೇಲೆ, ಅದೇ ಕಾರನ್ನು ಮತ್ತೊಮ್ಮೆ ಎತ್ತಿ ಅಡಿಭಾಗವನ್ನು ತೋರಿಸಬೇಕು. ಹಿಂದಿನ ಸೀಟಿನಲ್ಲಿ ಕೂರುವವರನ್ನೂ ಎರಡು ಮಾತು ಕೇಳಬೇಕು. ಅಂಥದ್ದೊಂದು ನನಗೆ ಸಿಗಲಿಲ್ಲ.

ಸೋಣ ತಿಂಗಳಲ್ಲಿ ಮಳೆ ಸ್ವಲ್ಪ ಬಿಟ್ಟಾಗ ಅಳಿಯ ಮತ್ತೆ ಕರೆದ. ಹಳೆಯ ಸ್ಪ್ರಿಂಗುಗಳನ್ನು ಪೇಪರಿನಲ್ಲಿ ಸುತ್ತಿ ಅಟ್ಟದಲ್ಲಿ ಇಟ್ಟಿದ್ದ. ಈ ಸಲ ಫೋನು ಹೊರತೆಗೆಯಲಿಲ್ಲ. ಸ್ಟ್ಯಾಂಡ್ ಅವನದ್ದೇ, ಹೊಸತಾಗಿ ಕೊಂಡದ್ದು. ಕಂಪ್ರೆಸರಿನ ಕೊಕ್ಕೆಯನ್ನು ಮೂರು ಸಲ ನೋಡಿದ, ನನ್ನನ್ನು ದೂರ ನಿಲ್ಲಿಸಿದ, ಕಾರು ಕೆಳಗಿಳಿದ ಮೇಲೆಯೇ ಬುಶ್ಶಿನ ಬೋಲ್ಟ್ ಬಿಗಿದ. ಮಧ್ಯಾಹ್ನದ ಊಟಕ್ಕೆ ಮೊದಲು ಮುಗಿಯಿತು. ನಾನು ನೋಡಿದ ಎಲ್ಲ ವಿಡಿಯೋಗಳಿಗಿಂತ ಚೊಕ್ಕ ಕೆಲಸ.

ಗಿಡ್ಡ ಸ್ಪ್ರಿಂಗುಗಳನ್ನು ಅದೇ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತಿದ್ದ. "ಮಾರಿ ಬಿಡು ಮಾರಾಯ, ಎಂತಕ್ಕೆ ಇಡುವುದು?" ಅಂದೆ.

"ಇರಲಿ ಮಾವ. ರಸ್ತೆ ಸರಿಯಾದ ಮೇಲೆ ಹಾಕುವ" ಅಂದ.