ನಗುತ್ತ ನೆನೆಯುವ ಕಲೆ

ಡಿ.ವಿ. ಗುಂಡಪ್ಪನವರು ಹುಟ್ಟಿದ್ದು 1887ರಲ್ಲಿ, ಕೋಲಾರ ಸೀಮೆಯ ಮುಳಬಾಗಿಲಿನಲ್ಲಿ. ಅವರ ‘ಜ್ಞಾಪಕ ಚಿತ್ರಶಾಲೆ’ ಎಂಟು ಸಂಪುಟಗಳ ನೆನಪಿನ ಬರಹ. ದಿವಾನರಿಗೆ, ಕಲಾವಿದರಿಗೆ, ಸಾಹಿತಿಗಳಿಗೆ ಅದರಲ್ಲಿ ಬೇರೆ ಬೇರೆ ಸಂಪುಟಗಳಿವೆ. ಆದರೆ ಮನಸ್ಸನ್ನು ಹಿಡಿದು ನಿಲ್ಲಿಸುವುದು ‘ಹೃದಯಸಂಪನ್ನರು’. ಊರಿನಾಚೆ ಹೆಸರು ಗೊತ್ತಿಲ್ಲದ ಹಿರಿಯರು, ಬಂಧುಗಳು, ನೆರೆಹೊರೆಯವರು ಅಲ್ಲಿ ಜೀವಂತವಾಗಿ ಓಡಾಡುತ್ತಾರೆ.

ತೀರಿಕೊಂಡವರ ಗುಣಗಳನ್ನು ಪಟ್ಟಿಮಾಡುವುದು ಈ ಬರಹದ ರೀತಿಯಲ್ಲ. ಊಟದ ಎಲೆಯ ಮುಂದೆ ಆಡಿದ ಒಂದು ಮಾತು, ಒಂದು ಹಟ, ಒಂದು ತಮಾಷೆ. ಅಷ್ಟರಲ್ಲೇ ಮನುಷ್ಯ ಎದುರಿಗೆ ಬಂದು ಕೂರುತ್ತಾನೆ. ಕೋಲಾರದ ಗಡಿಸೀಮೆಯವರ ಮಾತಿನಲ್ಲಿ ತೆಲುಗು ಬಂದರೆ ಡಿ.ವಿ.ಜಿ. ಅದನ್ನು ಹಾಗೆಯೇ ಉಳಿಸುತ್ತಾರೆ. ಆಡಿದವರ ದನಿ ಕೇಳಿಸುವುದು ಅದರಿಂದಲೇ. ಪ್ರೀತಿ ಅಷ್ಟು ಗಟ್ಟಿಯಾಗಿರುವುದರಿಂದ ನಗುವಿಗೆ ಸಂಕೋಚವಿಲ್ಲ. ಅದೇ ಕೋಲಾರ ಸೀಮೆಯ ಮಾಲೂರು ತಾಲ್ಲೂಕಿನ ಸಾಹಿತಿ ಮಾಸ್ತಿಯವರ ಆತ್ಮಕಥೆ ‘ಭಾವ’ವೂ ಬಂಧುಬಳಗವನ್ನು ನೆನೆಯುತ್ತದೆ, ಇನ್ನೂ ಮೆಲುದನಿಯಲ್ಲಿ.

ಡಿ.ವಿ.ಜಿ. ತೀರಿಕೊಂಡದ್ದು 1975ರ ಅಕ್ಟೋಬರ್ 7ರಂದು. ಅವರ ವಿನೋದ ಮಗನಿಗೂ ಒಲಿದಿತ್ತು: ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ ವಿನೋದ ತುಂಬಿದ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು.

ನಗಿಸುತ್ತಿದ್ದ ಅಪ್ಪನನ್ನೋ ಚಿಕ್ಕಪ್ಪನನ್ನೋ ಕಳೆದುಕೊಂಡು, ಅವರ ಬಗ್ಗೆ ನಾಲ್ಕು ಸಾಲು ಬರೆಯಬೇಕೆನ್ನುವವರು ಮೊದಲು ‘ಹೃದಯಸಂಪನ್ನರು’ ಓದಬೇಕು.