ಚಿತ್ರದ ಪಕ್ಕದ ಎರಡು ಪದ

ಹಳೇ ಗುಡಿ ಕಂಡ ಕೂಡಲೇ ನಾವು ಕೇಳೋದು ಒಂದೇ ಪ್ರಶ್ನೆ: ‘ಯಾರು ಕಟ್ಟಿದ್ದು?’ ಉತ್ತರವೂ ರೆಡಿ. ಒಬ್ಬ ರಾಜ, ಇಲ್ಲಾಂದ್ರೆ ಜಕಣಾಚಾರಿ. ಎರಡೂ ಸೋಮಾರಿ ಉತ್ತರಗಳು. ಬೇಲೂರಿನ ಶಿಲ್ಪಗಳ ಕೆಳಗೆ ಕೂತು ಓದಿದರೆ ಸಿಗೋದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಆಳಿದವರು, ಹಣ ಕೊಟ್ಟವರು, ಉಳಿ ಹಿಡಿದವರು ಬೇರೆ ಬೇರೆ. ಇವರನ್ನು ಬಿಡಿಸಿ ನೋಡೋದನ್ನು ಕಲಿಯಬೇಕಾದರೆ ಚಿತ್ತಾಪುರ ತಾಲ್ಲೂಕಿಗೆ ಹೋಗಬೇಕು.

ಮೊದಲು ನಾಗಾವಿ. ಅಲ್ಲಿನ 1058ರ ಶಾಸನದ ಕಾಲಕ್ಕೆ ದೊರೆ ಚಾಲುಕ್ಯರ ಒಂದನೇ ಸೋಮೇಶ್ವರ. ಆದರೆ ಘಟಿಕಾಸ್ಥಾನ ನಿಲ್ಲಿಸಿದವನು ಅವನ ದಂಡನಾಯಕ ಮಧುಸೂದನ. ವೇದ ಓದುವವರು 200, ಶಾಸ್ತ್ರ ಓದುವವರು 52, ಪುಸ್ತಕ ಕಾಯೋಕೆ ಆರು ಮಂದಿ ಸರಸ್ವತೀ ಭಂಡಾರಿಗರು. ‘ಚಾಲುಕ್ಯರ ಕಾಲದ ಗುಡಿ’ ಅಂತ ಒಂದೇ ಸಾಲಲ್ಲಿ ಮುಗಿಸಿದರೆ ಇಷ್ಟೂ ಜನ ಮಾಯ.

ಆಮೇಲೆ ಭೀಮಾ ತೀರದ ಕನಗನಹಳ್ಳಿ. ಅಲ್ಲಿನ ಸ್ತೂಪದ ಒಂದು ಫಲಕದಲ್ಲಿ ರಾಜ, ರಾಣಿ, ಕೊಡೆ ಹಿಡಿದವರು, ಚಾಮರ ಬೀಸುವವರು ಇದ್ದಾರೆ. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ಎರಡೇ ಪದ: ‘ರಾಯೋ ಅಸೋಕೋ’. ಅವೆರಡು ಇರದಿದ್ದರೆ ಅವನು ‘ಯಾರೋ ಒಬ್ಬ ರಾಜ’. ಹಾಗಂತ ಇದನ್ನು ಅಶೋಕನ ಫೋಟೊ ಅನ್ನೋದೂ ತಪ್ಪು. ಅವನು ಸತ್ತು ತಲೆಮಾರುಗಳೇ ಕಳೆದ ಮೇಲೆ, ಸಾತವಾಹನರ ಕಾಲದ ಶಿಲ್ಪಿ ಕಲ್ಪಿಸಿಕೊಂಡ ರೂಪ ಅದು. ಹೆಸರು ನಮಗೆ ವ್ಯಕ್ತಿಯನ್ನು ಕೊಡುತ್ತೆ, ಮುಖವನ್ನಲ್ಲ.

ಹೆಸರಿಲ್ಲದ ಕಡೆ ಕಲ್ಲನ್ನೇ ಕೇಳಬೇಕು. ಕನಗನಹಳ್ಳಿಯದು ಇದೇ ಸೀಮೆಯ ಸುಣ್ಣಕಲ್ಲು. ಬೆಂಗಳೂರಿನ ಹಳೇ ಮನೆಗಳ ನೆಲಕ್ಕೆ ಹಾಸಿರೋ ಶಹಾಬಾದ್ ಕಲ್ಲಿನ ಬಳಗದ್ದು. ಪದರ ಪದರವಾಗಿ ಏಳುತ್ತೆ, ಹಾಗಾಗಿ ಅಗಲವಾದ ಹಲಗೆ ಸಿಗುತ್ತೆ, ಕೆತ್ತನೆ ತೆಳುವಾಗಿ, ನಯವಾಗಿ ಹರಡಿಕೊಳ್ಳುತ್ತೆ. ಬೇಲೂರಿನ ಬಳಪದ ಕಲ್ಲಿನ ಹಾಗೆ ಆಳಕ್ಕೆ ಕೊರೆದು ಒಡವೆ ತೂಗಿಬಿಡೋದು ಇಲ್ಲಿ ಕಷ್ಟ. ಆದ್ದರಿಂದ ಬೇಲೂರಿನ ಅಳತೆಗೋಲಿನಲ್ಲಿ ಇದನ್ನು ‘ಸರಳ’ ಅನ್ನೋದು ವಿಮರ್ಶೆಯಲ್ಲ, ಅಭ್ಯಾಸಬಲ.

ಪಕ್ಕದ ಸನ್ನತಿಯ ಕಥೆ ಇನ್ನೂ ಖಾರ. 1986ರಲ್ಲಿ ಚಂದ್ರಲಾಂಬಾ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ ಮೂರ್ತಿಯ ಪೀಠದಲ್ಲಿ ಅಶೋಕನ ಶಾಸನವೇ ಸಿಕ್ಕಿತು. ಮೂರ್ತಿ ಕೂರಿಸೋಕೆ ಅಂತ ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಅವತ್ತು ಆ ಲಿಪಿ ಓದಬಲ್ಲವರೇ ಇರಲಿಲ್ಲ, ಯಾರನ್ನೂ ಬೈಯೋ ಹಾಗಿಲ್ಲ.

ಇವತ್ತಿನ ಜೀರ್ಣೋದ್ಧಾರಕ್ಕೆ ಆ ನೆಪ ಇಲ್ಲ. ಕೆತ್ತನೆ ಮೇಲೆ ಆಯಿಲ್ ಪೇಂಟ್, ಅಧಿಷ್ಠಾನಕ್ಕೆ ಟೈಲ್ಸ್, ಹೊಸ್ತಿಲಿಗೆ ಪಾಲಿಶ್ ಗ್ರಾನೈಟ್. ಭಕ್ತಿಯಿಂದಲೇ ಮಾಡ್ತಾರೆ, ನಿಜ. ಪೂಜೆ ನಡೆಯೋ ಗುಡಿ ಮ್ಯೂಸಿಯಂ ಆಗಬೇಕಿಲ್ಲ, ಅದೂ ನಿಜ. ಆದರೆ ಬಣ್ಣ ಮೊದಲು ತುಂಬೋದು ಅಕ್ಷರದ ತೆಳು ಗೆರೆಯನ್ನೇ. ಟೈಲ್ಸ್ ಮುಚ್ಚೋದು ದಾನ ಕೊಟ್ಟವರ ಹೆಸರಿರಬಹುದಾದ ಕಲ್ಲನ್ನೇ. ದೇವರಿಗೆ ಇದರಿಂದ ನಷ್ಟವಿಲ್ಲ, ದಾಸೋಜನಂಥವರಿಗಿದೆ.

ಊರಿನ ಗುಡಿ ರಿಪೇರಿಗೆ ನಿಮಗೂ ಫೋನ್‌ಪೇ ನಂಬರ್ ಬರುತ್ತೆ. ದುಡ್ಡು ಕಳಿಸಿ, ಜೊತೆಗೆ ಒಂದು ಷರತ್ತು ಹಾಕಿ: ಕೆಲಸ ಶುರುವಾಗೋ ಮೊದಲು ಕಂಬದ ಬುಡ, ಬಾಗಿಲವಾಡ, ತೊಲೆ, ಪೀಠ ಎಲ್ಲದರ ಫೋಟೊ ಆಗಬೇಕು. ಅಕ್ಷರ ಕಂಡ ಕಲ್ಲಿಗೆ ಬ್ರಷ್ ತಾಗಬಾರದು.